ಕ್ಯಾಸ್ಕೇಡ್ ಕಣಿವೆಯ ಬವೇರಿಯ

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯವನ್ನು ಉತ್ತರದಿಂದ ದಕ್ಷಿಣಕ್ಕೆ ಇಬ್ಭಾಗಿಸಿಕೊಂಡು ನಿಂತಿರುವ ಕ್ಯಾಸ್ಕೇಡ್ ಪರ್ವತಶ್ರೇಣಿಯ ಪೂರ್ವದ ಇಳಿಜಾರಿನಲ್ಲಿ, ವೆನಾಚಿ ನದಿಗೆ ಐಸಿಕಲ್ ಎಂಬ ಹೊಳೆ ಬಂದು ಕೂಡುವ ಎಡೆಯಲ್ಲಿ, ಎರಡು ಎರಡೂವರೆ ಸಾವಿರ ಜನರ ವಾಸಸ್ಥಾನವಾದ ಲೆವನ್‌ವರ್ತ್ ಎಂಬ ಊರೊಂದುಂಟು. ಜರ್ಮನಿಯ ದಕ್ಷಿಣ ಪ್ರಾಂತವಾದ ಬವೇರಿಯದ ಬೆಟ್ಟದ ಹಳ್ಳಿಯೊಂದನ್ನು ಯಾರೋ ಬುಡಸಮೇತ ಎತ್ತಿ ತಂದು ಇಲ್ಲಿ ಇಳಿಸಿದರೇನೋ ಎಂಬಂತೆ ಅದು ಕಾಣುತ್ತದೆ. ಆದರೆ ಅದನ್ನು ಕಟ್ಟಿದವರು ಬವೇರಿಯದಿಂದ ವಲಸೆ ಬಂದವರ ಮಕ್ಕಳೂ ಅಲ್ಲ, ಮೊಮ್ಮಕ್ಕಳೂ ಅಲ್ಲ. ಸಿಯಾಟಲ್ ಸುತ್ತಿನ ಬೆಲ್‌ವ್ಯೂ, ರೆಡ್‌ಮಂಡ್ ಊರುಗಳಲ್ಲಿ ಗಣಕೋದ್ಯಮದಲ್ಲಿ ತೊಡಗಿರುವ ನಮ್ಮ ಕನ್ನಡದ ಸಂಸಾರಗಳು ನಾಡಿನಿಂದ ಬಂದ ತಂದೆತಾಯಿಗಳಿಗೆ ಹಿಮವನ್ನು ತೋರಿಸಬೇಕೆನಿಸಿದಾಗ ಕರೆದುಕೊಂಡು ಹೋಗುವ ಊರುಗಳಲ್ಲಿ ಇದೂ ಒಂದು. ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಅಂತಹ ಒಂದು ಸಂಸಾರದ ಜೊತೆಯಲ್ಲಿ, ಡಿಸೆಂಬರಿನ ಒಂದು ಮುಂಜಾನೆ. ಹೋಗುವವರಿಗೆ ಊರಿನ ಅಂದ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಅದರ ಕಥೆಯನ್ನು ಮಾತ್ರ ಯಾರಾದರೂ ಹೇಳಬೇಕು.

ಸಿಯಾಟಲಿನಿಂದ ಅಲ್ಲಿಗೆ ಸುಮಾರು 190 ಕಿಲೋಮೀಟರುಗಳ ದಾರಿ. ಎರಡನೆಯ ಸಂಖ್ಯೆಯ ಹೆದ್ದಾರಿ ಪಶ್ಚಿಮದ ತಗ್ಗುನಾಡಿನಿಂದ ಮೆಲ್ಲಮೆಲ್ಲನೆ ಮೇಲೇರಿ, 4,061 ಅಡಿ ಎತ್ತರದ ಸ್ಟೀವನ್ಸ್ ಪಾಸ್ ಎಂಬ ಕಣಿವೆದಾರಿಯನ್ನು ದಾಟಿ, ಆಚೆಯ ಕಡೆಗೆ ಇಳಿಯುತ್ತದೆ. ಪೆಸಿಫಿಕ್ ಸಾಗರದಿಂದ ಬೀಸುವ ತೇವದ ಗಾಳಿ ಪಶ್ಚಿಮದ ಮಗ್ಗುಲಿಗೆ ತಾಗಿ ತನ್ನಲ್ಲಿರುವ ನೀರನ್ನೆಲ್ಲ ಅಲ್ಲಿಯೇ ಸುರಿದುಬಿಡುವುದರಿಂದ ಆ ಭಾಗದಲ್ಲಿ ಡಗ್ಲಸ್ ಫರ್, ಹೆಮ್ಲಾಕ್, ಸೀಡರ್ ಮರಗಳು ಒತ್ತೊತ್ತಾಗಿ ಬೆಳೆದು, ಅವುಗಳ ಕಾಂಡದ ಮೇಲೆ ಹಾವಸೆ ಗಾಢವಾಗಿ ಹಬ್ಬಿರುತ್ತದೆ. ಶಿಖರವನ್ನು ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ ಆಕಾಶ ತಿಳಿಯಾಗಿ, ಕಾಡು ತೆಳುವಾಗಿ, ಕೆಂಪುತೊಗಟೆಯ ಪಾಂಡೆರೋಸಾ ಪೈನ್ ಮರಗಳು ದೂರದೂರ ನಿಂತು, ಕಲ್ಲುಬೆಟ್ಟಗಳ ಮೈ ಬರಿದಾಗಿ ಕಾಣತೊಡಗುತ್ತದೆ. ಆಗುಂಬೆಯ ಮಳೆಯಿಂದ ಹೊರಟು ಚಿತ್ರದುರ್ಗದ ಬಯಲಿಗೆ ಬರುವ ಪಯಣಿಗನ ಕಣ್ಣಿಗೆ ಒಂದು ದಿನದಲ್ಲಿ ಕಾಣುವ ಮಾರ್ಪಾಡು ಇಲ್ಲಿ ಒಂದೆರಡು ಗಂಟೆಗಳಲ್ಲಿ ಕಾಣುತ್ತದೆಯೆಂದರೆ ನಮ್ಮವರಿಗೆ ಅರ್ಥವಾದೀತು. ಕೊನೆಯಲ್ಲಿ ಟಮ್‌ವಾಟರ್ ಎಂಬ ಇಕ್ಕಟ್ಟಿನ ಕಮರಿ. ಒಂದು ಪಕ್ಕದಲ್ಲಿ ಕಡಿದಾದ ಬಂಡೆ, ಇನ್ನೊಂದು ಪಕ್ಕದಲ್ಲಿ ಬಿಳಿನೊರೆಯನ್ನು ಉಕ್ಕಿಸುತ್ತ ಧುಮುಕುವ ವೆನಾಚಿ. ಆ ಕಮರಿಯ ಬಾಯಿಂದ ಹೊರಬಿದ್ದ ಕೂಡಲೇ ಊರು ಎದುರಾಗುತ್ತದೆ.

ಫ್ರಂಟ್ ಸ್ಟ್ರೀಟ್ ಎಂಬ ಮುಖ್ಯ ಬೀದಿಯಲ್ಲಿ ನಿಂತು ನೋಡಿದರೆ ಸಾಲಾಗಿ ಅಗಲವಾದ ಇಳಿಮಾಡಿನ ಮನೆಗಳು, ಕೊರೆದ ಮರದ ಕಟಾಂಜನವುಳ್ಳ ಮೊಗಸಾಲೆಗಳು, ಬಿಳಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಬೇಟೆಗಾರರೂ ಗೊಲ್ಲತಿಯರೂ ದ್ರಾಕ್ಷಿಬಳ್ಳಿಗಳೂ ಕಾಣುತ್ತವೆ. ಬೇಸಗೆಯಲ್ಲಿ ಆ ಮೊಗಸಾಲೆಗಳಿಂದ ಜೆರೇನಿಯಂ ಹೂಗಳು ಕೆಂಪಾಗಿ ಇಳಿಬಿದ್ದಿರುತ್ತವೆ. ಚಳಿಗಾಲದಲ್ಲಿ ಮಾಡು, ಮರ, ಕಂಬಗಳಿಗೆಲ್ಲ ವಿದ್ಯುದ್ದೀಪಗಳ ಸರಗಳು ಸುತ್ತಿಕೊಂಡಿರುತ್ತವೆ. ಬೀದಿಯ ಒಂದು ಬದಿಗೆ ಉದ್ಯಾನ, ಅದರಲ್ಲಿ ವಾದ್ಯಗಾರರಿಗಾಗಿ ಒಂದು ಮಂಟಪ. ಎಲ್ಲಿಂದಲೋ ಅಕಾರ್ಡಿಯನ್ನಿನ ನಾದ, ಎಲ್ಲಿಂದಲೋ ಹುರಿದ ಬಾದಾಮಿಯ ಪರಿಮಳ. ಮಾಂಸ ತಿನ್ನದ ನಮ್ಮಂಥವರಿಗೆ ಉಪ್ಪಿನ ಹರಳುಗಳನ್ನು ಉದುರಿಸಿದ ಪ್ರೆಟ್ಜೆಲ್ ರೊಟ್ಟಿಯೂ ಬಿಸಿಯಾದ ಸೇಬಿನ ರಸವೂ ಬೇಕಾದಷ್ಟು ದೊರೆಯುತ್ತವೆ. ವೆನಾಚಿ ಕಣಿವೆ ಸೇಬಿಗೂ ಪೇರು ಹಣ್ಣಿಗೂ ಹೆಸರಾದದ್ದರಿಂದ, ಬವೇರಿಯದ ಹೆಸರಿನಲ್ಲಿ ಮಾರುವ ಪದಾರ್ಥಗಳ ನಡುವೆ ಈ ನೆಲದ್ದೇ ಆದ ರುಚಿಯೊಂದು ಹೀಗೆ ತನ್ನ ಪಾಡಿಗೆ ತಾನು ಉಳಿದುಕೊಂಡಿದೆ.

ಮೊದಲ ನೋಟದಲ್ಲಿ ಪ್ರವಾಸಿಗೆ ಸಂತೋಷವಾಗುತ್ತದೆ. ಆಮೇಲೆ ಒಂದು ಶಂಕೆ ಹುಟ್ಟುತ್ತದೆ. ಇದು ನಿಜವಾದ ಬವೇರಿಯದಂತೆ ಇದೆಯೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೂಲದ ಮನೆ ಹೇಗಿರುವುದೆಂಬುದನ್ನು ಕೊಂಚ ತಿಳಿಯಬೇಕು. ಆಲ್ಪ್ಸ್ ಪರ್ವತದ ತಪ್ಪಲಿನ ಬವೇರಿಯದಲ್ಲಿ ರೈತನ ಮನೆಯೂ ಅವನ ದನದ ಕೊಟ್ಟಿಗೆಯೂ ಹುಲ್ಲಿನ ಅಟ್ಟವೂ ಒಂದೇ ಮಾಡಿನ ಕೆಳಗೆ ಇರುತ್ತವೆ. ಕೆಳಗಿನ ಅಂತಸ್ತು ಸುಣ್ಣ ಬಳಿದ ಕಲ್ಲಿನದು, ಮೇಲಿನದು ಮರದ್ದು. ಮಾಡಿನ ಇಳಿಜಾರು ಕಡಿಮೆ. ಹಿಂದಿನ ಕಾಲದಲ್ಲಿ ಮರದ ಹಲಗೆಚೂರುಗಳನ್ನು ಹೊದಿಸಿ, ಗಾಳಿಗೆ ಹಾರದಂತೆ ಅವುಗಳ ಮೇಲೆ ಕಲ್ಲುಗಳನ್ನು ಹೇರುತ್ತಿದ್ದರು. ಬಿದ್ದ ಹಿಮ ಜಾರಿಹೋಗದೆ ಮಾಡಿನ ಮೇಲೆಯೇ ನಿಂತು ಒಳಗಿನ ಬಿಸುಪನ್ನು ಕಾಯುತ್ತಿತ್ತು. ಇಳಿಮಾಡು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿಕೊಂಡಿರುವುದು ಮಳೆ ಹಿಮಗಳಿಂದ ಗೋಡೆಯನ್ನೂ ಮೊಗಸಾಲೆಯನ್ನೂ ಕಾಪಾಡುವುದಕ್ಕಾಗಿ. ಹಾಗೆ ರಕ್ಷಿತವಾದ ಗೋಡೆಯ ಮೇಲೆಯೇ ಚಿತ್ರ ಬರೆಯುವ ಕಲೆ ಬೆಳೆದುದು. ಹದಿನೆಂಟನೆಯ ಶತಮಾನದಲ್ಲಿ ಒಬರಮ್ಮರ್‌ಗಾವ್ ಎಂಬ ಹಳ್ಳಿಯ ಫ್ರಾಂಟ್ಸ್ ಸೆರಾಫ್ ಟ್ಸ್ವಿಂಕ್ ಎಂಬ ಚಿತ್ರಕಾರ ಹಸಿಗಾರೆಯ ಮೇಲೆ ಬಣ್ಣವಿಟ್ಟು, ಸಾಧಾರಣ ಗೋಡೆಯಲ್ಲಿ ಕಂಬಗಳೂ ಕಮಾನುಗಳೂ ಮೆಟ್ಟಿಲುಗಳೂ ನಿಜವಾಗಿ ಇರುವಂತೆ ಭ್ರಮೆ ಹುಟ್ಟಿಸುತ್ತಿದ್ದ. ಆತ 1784ರಲ್ಲಿ ಚಿತ್ರಿಸಿದ ಪಿಲಾಟಸ್ ಮನೆ ಇಂದಿಗೂ ಅಲ್ಲಿದೆ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಲೆವನ್‌ವರ್ತ್ ಹಲವು ಕಡೆ ಸೋಲುವುದು ನಿಜ. ಗೋಡೆಯ ಮೇಲೆ ಅಡ್ಡಡ್ಡ ತೊಲೆಗಳು ಎದ್ದು ಕಾಣುವ ಬಗೆಯ ಕಟ್ಟಡ ಆಲ್ಪ್ಸ್ ತಪ್ಪಲಿಗಿಂತ ಹೆಚ್ಚಾಗಿ ಉತ್ತರದ ಫ್ರಾಂಕೋನಿಯ ಸೀಮೆಗೆ ಸೇರಿದ್ದು. ಇಲ್ಲಿ ಎರಡೂ ಬೆರೆತಿವೆ. 1995ರಲ್ಲಿ ಆರ್ಲೀನ್ ವ್ಯಾಗ್ನರ್ ಎಂಬ ಮಹಿಳೆ ಸ್ಥಾಪಿಸಿದ ನಟ್‌ಕ್ರ್ಯಾಕರ್ ಸಂಗ್ರಹಾಲಯದಲ್ಲಿ ಕಾಯಿ ಒಡೆಯುವ ಸಲಕರಣೆಗಳು ಸಾವಿರಾರು ಇವೆ. ಅವುಗಳಲ್ಲಿ ಜನ ತುಂಬ ಮೆಚ್ಚುವ ಸಿಪಾಯಿ ವೇಷದ ಮರದ ಬೊಂಬೆ ಬವೇರಿಯದ್ದಲ್ಲ, ಜರ್ಮನಿಯ ಪೂರ್ವದ ಸ್ಯಾಕ್ಸನಿಯ ಗಣಿಬೆಟ್ಟಗಳ ಕುಶಲಕರ್ಮಿಗಳ ಸೃಷ್ಟಿ. ಪ್ರವಾಸಿಯಾದವನು ಇವುಗಳನ್ನು ದೋಷವೆಂದು ಎಣಿಸುವುದಕ್ಕೆ ಮೊದಲು, ಈ ಊರು ಈ ರೂಪವನ್ನು ಯಾವ ಒತ್ತಡದಲ್ಲಿ ತಾಳಿತೆಂಬುದನ್ನು ಕೇಳಿಕೊಳ್ಳುವುದು ನ್ಯಾಯ.

ಊರು ಹುಟ್ಟಿದ್ದು ರೈಲಿನಿಂದ. ಗ್ರೇಟ್ ನಾರ್ದರ್ನ್ ಎಂಬ ಕಂಪನಿ 1890ರ ದಶಕದ ಆರಂಭದಲ್ಲಿ ಪೆಸಿಫಿಕ್ ಕರಾವಳಿಯ ಕಡೆಗೆ ಹಾಕುತ್ತಿದ್ದ ಮಾರ್ಗ ಈ ಕಣಿವೆಯ ಮೂಲಕ ಹಾದುಹೋಯಿತು. ಪರ್ವತವನ್ನು ಏರುವುದಕ್ಕೆ ಮುನ್ನ ಗಾಡಿಗಳೂ ಕೆಲಸಗಾರರೂ ತಂಗುವ ನೆಲೆ ಇಲ್ಲಾಯಿತು. 1906ರಲ್ಲಿ ಊರಿಗೆ ಪುರಸಭೆಯ ಸ್ಥಾನ ದೊರೆಯಿತು. ಅದಕ್ಕೆ ಸ್ವಲ್ಪ ಮೊದಲೇ ಲ್ಯಾಂಬ್-ಡೇವಿಸ್ ಎಂಬ ಮರದ ಕಂಪನಿ ನದಿಗೆ ಅಡ್ಡಕಟ್ಟೆ ಕಟ್ಟಿ, ದಿಮ್ಮಿಗಳನ್ನು ತೇಲಿಬಿಡುವ ಕೊಳವನ್ನು ನಿರ್ಮಿಸಿ, ರಾಜ್ಯದ ದೊಡ್ಡ ಗರಗಸದ ಕಾರ್ಖಾನೆಗಳಲ್ಲೊಂದನ್ನು ಸ್ಥಾಪಿಸಿತ್ತು. ರೈಲು, ಮರ ಇವೆರಡೇ ಊರಿನ ಅನ್ನ.

ಈ ಪರ್ವತದಲ್ಲಿ ರೈಲು ನಡೆಸುವುದೆಂದರೆ ಹಿಮದೊಡನೆ ಕಾದಾಡುವುದೇ ಆಗಿತ್ತು. 1910ರ ಮಾರ್ಚ್ 1ರಂದು, ಶಿಖರದ ಆಚೆಗಿನ ವೆಲ್ಲಿಂಗ್ಟನ್ ನಿಲ್ದಾಣದಲ್ಲಿ ಹಿಮಕ್ಕೆ ಸಿಕ್ಕಿ ನಿಂತುಹೋಗಿದ್ದ ಎರಡು ಗಾಡಿಗಳ ಮೇಲೆ ಬೆಟ್ಟದಿಂದ ಹಿಮರಾಶಿ ಜಾರಿ ಬಿದ್ದು, ಅವುಗಳನ್ನು ಕೆಳಗಿನ ಕಣಿವೆಗೆ ತಳ್ಳಿ 96 ಮಂದಿಯನ್ನು ಬಲಿ ತೆಗೆದುಕೊಂಡಿತು. ಅಮೆರಿಕದ ಚರಿತ್ರೆಯಲ್ಲಿ ಹಿಮಕುಸಿತದಿಂದ ಅಷ್ಟು ಜನ ಸತ್ತದ್ದು ಬೇರೆಲ್ಲೂ ಇಲ್ಲ. ಇಂತಹ ಅಪಾಯಗಳನ್ನು ತಪ್ಪಿಸಲೆಂದು ಕಂಪನಿ ಬೆಟ್ಟದ ಬುಡದಲ್ಲಿ ಸುಮಾರು 12.5 ಕಿಲೋಮೀಟರು ಉದ್ದದ ಹೊಸ ಸುರಂಗವನ್ನು ಕೊರೆಯಿಸಿ 1929ರಲ್ಲಿ ತೆರೆಯಿತು; ಅದರ ಅಂಗವಾಗಿಯೇ ಟಮ್‌ವಾಟರ್ ಕಮರಿಯ ಹಳೆಯ ದಾರಿಯನ್ನು ಬಿಟ್ಟು, ಚಮ್‌ಸ್ಟಿಕ್ ಎಂಬ ಬೇರೆ ಕಣಿವೆಯ ಮೂಲಕ ಹಳಿಗಳನ್ನು ತಿರುಗಿಸಿತು. ಕಂಪನಿಯ ಕಚೇರಿಗಳು ಅಷ್ಟರಲ್ಲಿಯೇ ಕೆಳಗಿನ ವೆನಾಚಿ ಪಟ್ಟಣಕ್ಕೆ ಹೊರಟುಹೋಗಿದ್ದವು. ಮರದ ಕಾರ್ಖಾನೆಯೂ ಅದೇ ದಶಕದಲ್ಲಿ ಮುಚ್ಚಿತು. ಪ್ರಯಾಣಿಕರ ಪ್ರಾಣವನ್ನು ಉಳಿಸಿದ ಮಾರ್ಪಾಡೇ ಒಂದು ಊರಿನ ಜೀವನಾಧಾರವನ್ನು ಕಿತ್ತುಕೊಂಡಿತು. ಇದರಲ್ಲಿ ದೂಷಿಸತಕ್ಕವರು ಯಾರೂ ಇಲ್ಲವೆಂಬುದೇ ದುಃಖವನ್ನು ಹೆಚ್ಚಿಸುವ ಸಂಗತಿ.

ಅಲ್ಲಿಂದ ಮುಂದೆ ಮೂರು ದಶಕಗಳಿಗೂ ಮಿಕ್ಕಿದ ಕ್ಷೀಣದಶೆ. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಓದಿದ ಮಕ್ಕಳು ಊರು ಬಿಟ್ಟರು. ಹೆದ್ದಾರಿಯಲ್ಲಿ ಹೋಗುವ ಮೋಟಾರುಗಳು ನಿಲ್ಲದೆ ಮುಂದಕ್ಕೆ ಹೋದವು. 1962ರಲ್ಲಿ ಊರಿನವರು ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಮುದಾಯಾಭಿವೃದ್ಧಿ ವಿಭಾಗದ ನೆರವು ಕೋರಿ, ‘ಪ್ರಾಜೆಕ್ಟ್ ಲೈಫ್’ ಎಂಬ ಹೆಸರಿನಲ್ಲಿ ಸಮಿತಿಗಳನ್ನು ರಚಿಸಿಕೊಂಡು, ತಮ್ಮ ಊರಿಗೆ ಏನಾಗಿದೆ, ಏನು ಉಳಿದಿದೆ, ಏನು ಮಾಡಬಹುದು ಎಂಬುದನ್ನು ತಾವೇ ಪರೀಕ್ಷಿಸತೊಡಗಿದರು. ಈ ಕೆಲಸದಲ್ಲಿ ಹೆಂಗಸರು ವಹಿಸಿದ ಪಾತ್ರ ದೊಡ್ಡದು. 1964ರಲ್ಲಿ ಮೊದಲಾದ ಶರತ್ಕಾಲದ ಎಲೆಗಳ ಉತ್ಸವ ಈ ಚಿಂತನೆಯ ಮೊದಮೊದಲ ಫಲಗಳಲ್ಲೊಂದು.

ಬವೇರಿಯದ ಯೋಚನೆ ಬಂದದ್ದು ಬೇರೊಂದು ದಿಕ್ಕಿನಿಂದ. ಸಿಯಾಟಲಿನ ಟೆಡ್ ಪ್ರೈಸ್, ಬಾಬ್ ರಾಜರ್ಸ್ ಎಂಬ ಇಬ್ಬರು ಸ್ನೇಹಿತರು 1960ರಲ್ಲಿ ಊರಿನಿಂದ ಕೆಲವು ಮೈಲಿಗಳಾಚೆ ಹೆದ್ದಾರಿಯ ಪಕ್ಕದ ಉಪಾಹಾರಗೃಹವೊಂದನ್ನು ಕೊಂಡು, ‘ಸ್ಕ್ವಿರಲ್ ಟ್ರೀ’ ಎಂದು ಹೆಸರಿಟ್ಟು ನಡೆಸುತ್ತಿದ್ದರು. ಡೇನಿಷ್ ವಲಸಿಗರು 1911ರಲ್ಲಿ ಸ್ಥಾಪಿಸಿ, ಮುಂದೆ ತಮ್ಮ ಮೂಲನಾಡಿನ ಶೈಲಿಯಲ್ಲಿ ರೂಪಿಸಿಕೊಂಡ ಕ್ಯಾಲಿಫೋರ್ನಿಯದ ಸಾಲ್ವ್ಯಾಂಗ್ ಊರನ್ನು ಅವರು ನೋಡಿದ್ದರು. ಸುತ್ತಲೂ ಆಲ್ಪ್ಸ್ ಪರ್ವತವನ್ನೇ ನೆನಪಿಗೆ ತರುವ ಶಿಖರಗಳಿರುವ ಈ ಕಣಿವೆಗೆ ಬವೇರಿಯದ ರೂಪ ಒಪ್ಪುವುದೆಂದು ಅವರು ಊರಿನವರ ಮುಂದೆ ಪ್ರತಿಪಾದಿಸಿದರು. ವಿರೋಧವಿತ್ತು, ಇರದೆ ಹೇಗಿದ್ದೀತು? ಹೊರಗಿನಿಂದ ಬಂದವರು ಹೇಳುವ, ತಮಗೆ ಯಾವ ರಕ್ತಸಂಬಂಧವೂ ಇಲ್ಲದ ದೇಶದ ಉಡುಪನ್ನು ತಾವೇಕೆ ತೊಡಬೇಕೆಂದು ಕೇಳಿದವರ ಮಾತಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ.

ಆದರೂ ಕೆಲವರು ಮುಂದೆ ಬಂದರು. ಲವರ್ನ್ ಪೀಟರ್ಸನ್ ಎಂಬಾಕೆ 1960ರ ದಶಕದ ನಡುವೆ ತನ್ನ ಹಳೆಯ ಚಿಕಮಿನ್ ಹೋಟೆಲನ್ನು ಮಾರ್ಪಡಿಸಿ, ಆಲ್ಪ್ಸ್ ಬೆಟ್ಟದ ಹೂವೊಂದರ ಹೆಸರಿನಿಂದ ‘ಹೋಟೆಲ್ ಎಡೆಲ್ವೈಸ್’ ಎಂದು ಕರೆದಳು. ಪಾಲೀನ್ ವಾಟ್ಸನ್ ಮೊದಲಾದ ವ್ಯಾಪಾರಸ್ಥರು ತಮ್ಮ ಅಂಗಡಿಗಳ ಮುಖವನ್ನು ಬದಲಿಸಿದರು. ಸಾಲ್ವ್ಯಾಂಗಿನಲ್ಲಿ ಕೆಲಸ ಮಾಡಿದ್ದ ಜರ್ಮನ್ ವಿನ್ಯಾಸಕಾರ ಹೈಂಟ್ಸ್ ಉಲ್‌ಬ್ರಿಕ್ಟ್ ಬಂದು, ಇಟ್ಟಿಗೆಯ ಸಾಧಾರಣ ವಾಣಿಜ್ಯ ಕಟ್ಟಡಗಳಿಗೆ ಇಳಿಮಾಡು, ಮೊಗಸಾಲೆ, ಚಿತ್ರಗಳನ್ನು ಹೊಂದಿಸಿಕೊಟ್ಟ. ಸರ್ಕಾರದ ದೊಡ್ಡ ಅನುದಾನಕ್ಕೆ ಕೈಯೊಡ್ಡಿ ಕುಳಿತುಕೊಳ್ಳದೆ, ತಂತಮ್ಮ ಆಸ್ತಿಯನ್ನೂ ಉಳಿತಾಯವನ್ನೂ ಒತ್ತೆಯಿಟ್ಟು, ಗಿರಾಕಿಗಳೇ ಇಲ್ಲದ ಬೀದಿಯಲ್ಲಿ ಸಾಲ ತಂದು ಅಂಗಡಿಯನ್ನು ಅಲಂಕರಿಸಿದ ಆ ಜನರ ಧೈರ್ಯವನ್ನು ನೆನೆದಾಗ ನನ್ನ ಶಂಕೆ ತಾನಾಗಿ ಕರಗಿತು. 1968ರಲ್ಲಿ ಊರಿಗೆ ‘ಆಲ್ ಅಮೆರಿಕ ಸಿಟಿ’ ಎಂಬ ರಾಷ್ಟ್ರೀಯ ಗೌರವ ಸಂದಿತು. ಮುಂದೆ ಪುರಸಭೆ ಈ ಶೈಲಿಯನ್ನು ಕಾನೂನನ್ನಾಗಿಯೇ ಮಾಡಿತು. ಜಗತ್ತಿನಲ್ಲೆಲ್ಲ ಒಂದೇ ಲಾಂಛನವನ್ನು ನೆಡುವ ದೊಡ್ಡ ವ್ಯಾಪಾರ ಸಂಸ್ಥೆಗಳು ಕೂಡ ಇಲ್ಲಿ ಅಂಗಡಿ ತೆರೆಯಬೇಕಾದರೆ ತಮ್ಮ ಫಲಕವನ್ನು ಊರಿನ ಅಕ್ಷರಶೈಲಿಗೆ ಬಗ್ಗಿಸಬೇಕು. ಅಮೆರಿಕದ ಬೇರೆ ಊರುಗಳೂ ಹೀಗೆ ವೇಷ ತೊಟ್ಟವು. ಜಾರ್ಜಿಯ ರಾಜ್ಯದ ಹೆಲೆನ್ ಎಂಬ ಊರು 1960ರ ದಶಕದ ಕೊನೆಯಲ್ಲಿ ಇಂತಹುದೇ ರೂಪವನ್ನು ತಾಳಿತು. ವಾಷಿಂಗ್ಟನ್ ರಾಜ್ಯದ್ದೇ ಆದ ವಿಂತ್ರಾಪ್ 1972ರಲ್ಲಿ ಹಳೆಯ ಪಶ್ಚಿಮದ ಗಡಿಯೂರಿನ ವೇಷವನ್ನು ಆರಿಸಿಕೊಂಡಿತು.

ಹೀಗಿರುವಾಗ ಈ ಊರನ್ನು ನಕಲು ಎನ್ನಬಹುದೆ? ಒಬರಮ್ಮರ್‌ಗಾವಿನ ಗೋಡೆಯ ಮೇಲೆ ಇಲ್ಲದ ಕಂಬವನ್ನು ಇರುವಂತೆ ಬರೆದ ಟ್ಸ್ವಿಂಕನ ಕಲೆಯನ್ನು ನಾವು ಸುಳ್ಳೆನ್ನುವುದಿಲ್ಲ. ಒಂದು ಸಮುದಾಯ ತಾನು ಬದುಕಬೇಕೆಂಬ ಸಂಕಲ್ಪದಿಂದ ಒಂದು ರೂಪವನ್ನು ಆರಿಸಿ, ಎರಡು ಮೂರು ತಲೆಮಾರುಗಳು ಅದರಲ್ಲಿ ದುಡಿದು, ಮಕ್ಕಳಿಗೆ ಅದರ ಹಾಡು ಕುಣಿತಗಳನ್ನು ಕಲಿಸಿ, ಹಬ್ಬಗಳನ್ನು ನಡೆಸಿಕೊಂಡು ಬಂದ ಮೇಲೆ ಆ ರೂಪ ಅದರದೇ ಆಗುತ್ತದೆ ಎಂದು ನಾನು ನಂಬುತ್ತೇನೆ. ಎರವಲಿನದೆಂಬ ಕಾರಣಕ್ಕೆ ಅದನ್ನು ತುಚ್ಛೀಕರಿಸುವುದು ದುಡಿದವರಿಗೆ ಮಾಡುವ ಅನ್ಯಾಯ. ನನಗೆ ಕೊರತೆಯೆಂದು ತೋರುವುದು ಬೇರೊಂದು. ಆರಿಸಿಕೊಂಡ ರೂಪ ಎಷ್ಟು ಚೆನ್ನಾಗಿ ಕೂತಿದೆಯೆಂದರೆ, ಅದರ ಕೆಳಗಿರುವ ನಿಜವಾದ ಚರಿತ್ರೆ ಬಂದುಹೋಗುವವರ ಕಣ್ಣಿಗೆ ಬೀಳುವುದೇ ಇಲ್ಲ.

ಆದ್ದರಿಂದ ಮೊದಲ ಸಲ ಹೋಗುವವರು ಫ್ರಂಟ್ ಸ್ಟ್ರೀಟಿನ ಗದ್ದಲವನ್ನು ಬಿಟ್ಟು ನದಿಯ ಕಡೆಗೆ ಇಳಿಯಬೇಕು. ಕಾಲುಸೇತುವೆಯನ್ನು ದಾಟಿದರೆ ಬ್ಲ್ಯಾಕ್‌ಬರ್ಡ್ ಎಂಬ ಪುಟ್ಟ ದ್ವೀಪ. ಹಿಂದೆ ಕಾರ್ಖಾನೆಯ ದಿಮ್ಮಿಗಳು ತೇಲುತ್ತಿದ್ದ ಕೊಳದಲ್ಲಿ ಹೂಳು ತುಂಬಿ, ಅದರ ಮೇಲೆ ಮರಗಿಡಗಳು ಬೆಳೆದು ಉಂಟಾದ ನೆಲ ಅದು. ಈಗ ಅಲ್ಲಿ ಜನ ನಡೆದಾಡುತ್ತಾರೆ, ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀಯಿಂಗ್ ಮಾಡುತ್ತಾರೆ. ರೈಲಿನ ಪ್ರಯಾಣಿಕರು 2009ರಿಂದ ಮತ್ತೆ ಈ ಊರಿನಲ್ಲಿ ಇಳಿಯುತ್ತಿದ್ದಾರೆ. ಊರಿನ ಹೊರಗೆ, ಹೊಸ ದಾರಿಯ ಮೇಲೆ ಕಟ್ಟಿದ ಆ ಸಣ್ಣ ನಿಲ್ದಾಣದ ಹೆಸರು ಐಸಿಕಲ್. ಕ್ರಿಸ್ಮಸ್ಸಿನ ವಾರಾಂತ್ಯಗಳಲ್ಲಿ ಹೆದ್ದಾರಿ ಕಿಕ್ಕಿರಿದಿರುವುದರಿಂದ, ಹಿಮದಲ್ಲಿ ವಾಹನ ನಡೆಸಿ ರೂಢಿಯಿಲ್ಲದ ನಮ್ಮವರಿಗೆ ರೈಲು ಒಳ್ಳೆಯದೆಂದು ನನ್ನ ಸಲಹೆ. ದೀಪಗಳನ್ನು ನೋಡಲು ಡಿಸೆಂಬರೇ ಆಗಬೇಕೆಂದಿಲ್ಲ. ಈಚಿನ ವರ್ಷಗಳಲ್ಲಿ ಅವು ಫೆಬ್ರುವರಿಯವರೆಗೂ ಉರಿಯುತ್ತವೆ, ಜನವರಿಯ ವಾರದ ದಿನಗಳಲ್ಲಿ ಬೀದಿಯೂ ನೋಡುವವರಿಗೆ ಬಿಡುವಾಗಿ ದೊರೆಯುತ್ತದೆ.

ದ್ವೀಪವನ್ನು ನೋಡಿದ ಮೇಲೆ ಐಸಿಕಲ್ ಹೊಳೆಯ ದಡಕ್ಕೆ ಹೋಗಬೇಕು. ಮೀನಿನ ಮರಿಗಳನ್ನು ಸಾಕಿ ಬಿಡುವ ಸರ್ಕಾರದ ಕೇಂದ್ರವೊಂದು ಅಲ್ಲಿದೆ. ಕೊಲಂಬಿಯ ನದಿಗೆ ಗ್ರ್ಯಾಂಡ್ ಕೂಲಿ ಎಂಬ ಮಹಾ ಅಣೆಕಟ್ಟು ಕಟ್ಟಿದಾಗ ಸಾಗರದಿಂದ ಹುಟ್ಟೂರಿನ ಹೊಳೆಗಳಿಗೆ ಮರಳುವ ಸಾಲ್ಮನ್ ಮೀನುಗಳ ಮಾರ್ಗ ಮುಚ್ಚಿಹೋಯಿತು. ಆ ನಷ್ಟಕ್ಕೆ ಪರಿಹಾರವಾಗಿ 1939ರಿಂದ 1941ರ ಅವಧಿಯಲ್ಲಿ ಇದನ್ನು ನಿರ್ಮಿಸಿದರು. ಮೀನಿನ ಸಂಬಂಧ ಈ ಜಾಗಕ್ಕೆ ಹೊಸದಲ್ಲ. ರೈಲು ಬರುವುದಕ್ಕೆ ಬಹುಕಾಲ ಮುಂಚಿನಿಂದಲೂ ಈ ಸಂಗಮ ವೆನಾಚಿ ಜನಾಂಗದ ಮಹಾ ಮೀನುಗಾರಿಕೆಯ ಕ್ಷೇತ್ರ. ಸುತ್ತಣ ಬುಡಕಟ್ಟುಗಳೂ ಋತುವಿನಲ್ಲಿ ಇಲ್ಲಿ ನೆರೆದು ಮೀನು ಹಿಡಿದು ಒಣಗಿಸಿ ಚಳಿಗಾಲಕ್ಕೆ ಕೂಡಿಟ್ಟುಕೊಳ್ಳುತ್ತಿದ್ದವು. 1855ರ ಯಾಕಮಾ ಒಪ್ಪಂದದಲ್ಲಿ ಅಮೆರಿಕ ಸರ್ಕಾರ ಈ ಕ್ಷೇತ್ರವನ್ನು ಸುತ್ತಲಿನ ಆರು ಮೈಲಿ ಚೌಕದ ಭೂಮಿಯೊಡನೆ ಅವರಿಗಾಗಿ ಮೀಸಲಿಡುವುದಾಗಿ ಬರೆದುಕೊಟ್ಟಿತ್ತು. ಸರಿಯಾದ ಸ್ಥಳದಲ್ಲಿ ಅದನ್ನು ಅಳೆದು ಕೊಡುವ ಕೆಲಸ ಎಂದೂ ಆಗಲಿಲ್ಲ. ರೈಲುಮಾರ್ಗ ಈ ಕಣಿವೆಗೆ ಬಂದ ಒಂದೆರಡು ವರ್ಷಗಳಲ್ಲಿಯೇ, 1894ರಲ್ಲಿ, ನೆರೆಯ ಯಾಕಮಾ ಬುಡಕಟ್ಟಿನೊಡನೆ ಮಾಡಿಕೊಂಡ ಕರಾರೊಂದರ ಮೂಲಕ ಆ ಹಕ್ಕಿನ ಭೂಮಿಯನ್ನು 20,000 ಡಾಲರುಗಳಿಗೆ ಸರ್ಕಾರ ಪಡೆದುಕೊಂಡಿತು. ವೆನಾಚಿ ಜನರಲ್ಲಿ ಬಹುಮಂದಿ ಉತ್ತರದ ಕೋಲ್ವಿಲ್ ಮೀಸಲು ಪ್ರದೇಶಕ್ಕೆ ಸೇರಿಕೊಳ್ಳಬೇಕಾಯಿತು. ಭೂಮಿ ಹೋಯಿತು, ಮೀನು ಹಿಡಿಯುವ ಹಕ್ಕೂ ಹೋಯಿತೆ ಎಂಬ ವ್ಯಾಜ್ಯ ಉಳಿಯಿತು. ಅದು ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯದವರೆಗೂ ಹೋಗಿ, 2010ರಲ್ಲಿ, ಈ ಕ್ಷೇತ್ರದಲ್ಲಿ ಯಾಕಮಾ ಜನರಿಗೆ ಇರುವಂತೆಯೇ ವೆನಾಚಿ ಜನರಿಗೂ ಮೀನು ಹಿಡಿಯುವ ಹಕ್ಕಿದೆಯೆಂದು ತೀರ್ಮಾನವಾಯಿತು. ಮೀನು ಮರಳಿ ಬರುವ ಋತುವಿನಲ್ಲಿ ಅಲ್ಲಿಗೆ ಹೋಗುವ ನಮ್ಮ ಮಕ್ಕಳಿಗೆ, ಇಳಿಮಾಡಿನ ಮನೆಗಳ ಕಥೆಯ ಜೊತೆಗೆ ಈ ಹೊಳೆಯ ಕಥೆಯನ್ನೂ ಹೇಳಬೇಕೆಂದು ಅವರ ತಂದೆತಾಯಿಗಳಲ್ಲಿ ನನ್ನ ಬೇಡಿಕೆ.